ಫಾರ್ಮ್ಯಾಟ್ ಹೊಡೆಯುವ ಮುಂಚೆ ಡಿಸ್ಕಿನ ಪಹಣಿ ನೋಡಿ

ಬೀದರ್, ಭಾಲ್ಕಿ, ಔರಾದ್‌ನ ಕಂಪ್ಯೂಟರ್ ರಿಪೇರಿ ಅಂಗಡಿಗಳಿಗೆ ಬರುವ ಗಿರಾಕಿಗಳಲ್ಲಿ ಬಹಳ ಜನರದು ಈಗ ಒಂದೇ ಮಾತು: ‘ಹಳೇದು ತೆಗೆದು ವಿಂಡೋಸ್ 11 ಹಾಕಿಕೊಡ್ರಿ.’ ವಿಂಡೋಸ್ 10ಕ್ಕೆ ಮಾಮೂಲಿ ಅಪ್‌ಡೇಟ್ ಕೊಡುವುದನ್ನು ಮೈಕ್ರೋಸಾಫ್ಟ್ 2025ರ ಅಕ್ಟೋಬರ್ 14ಕ್ಕೆ ನಿಲ್ಲಿಸಿತು. ಹೆಸರು ನೋಂದಾಯಿಸಿಕೊಂಡ ಮನೆಬಳಕೆದಾರರಿಗೆ 2026ರ ಅಕ್ಟೋಬರ್ 13ರವರೆಗೆ ಸುರಕ್ಷತಾ ಅಪ್‌ಡೇಟ್ ಉಂಟು. ಆದರೆ ಪರದೆಯ ಮೇಲೆ ಎಚ್ಚರಿಕೆ ಬಂದ ಕೂಡಲೇ ಲ್ಯಾಪ್‌ಟಾಪ್ ಬಗಲಿಗೆ ಹಾಕಿಕೊಂಡು ಬಸ್ ಹತ್ತುವವರೇ ಹೆಚ್ಚು.

ಅಂಗಡಿಯವ ಕೇಳುವುದೂ ಒಂದೇ ಪ್ರಶ್ನೆ. ‘ಒಳಗ ಇಂಪಾರ್ಟೆಂಟ್ ಏನರ ಅದಾ ಏನ್ರಿ?’

‘ಇದ್ದದ್ದೆಲ್ಲ ಡಿ ಡ್ರೈವ್‌ದಾಗ ಅದಾ, ನೀವು ಸಿ ಅಷ್ಟೇ ಹೊಡೀರಿ’ ಎಂದು ಗಿರಾಕಿ ನೆಮ್ಮದಿಯಿಂದ ಹೇಳಿ ಬಜಾರಿಗೆ ಹೋಗುತ್ತಾನೆ. ತಾಸಿನೊಳಗೆ ಕೆಲಸ ಮುಗಿಯುತ್ತದೆ. ಮನೆಗೆ ಬಂದು ತೆರೆದು ನೋಡಿದರೆ ಡಿ ಡ್ರೈವೇ ಇಲ್ಲ.

ಇಂಥ ದೂರು ನಮ್ಮ ಕಿವಿಗೆ ಮೇಲಿಂದ ಮೇಲೆ ಬೀಳುತ್ತಿದೆ. ತಪ್ಪು ಯಾರದು ಎಂದು ಜಗಳ ಆಗುತ್ತದೆ, ಫೈಲು ಮಾತ್ರ ವಾಪಸ್ ಬರುವುದಿಲ್ಲ. ನಾವು ಹೇಳುವುದು ಇಷ್ಟು: ಡಿಸ್ಕನ್ನು ಎಷ್ಟು ಪಾಲು ಮಾಡಬೇಕು, ಯಾವ ಪಾಲು ಅಳಿಸಬೇಕು, ಯಾವುದನ್ನು ಮುಟ್ಟಬಾರದು ಎಂಬ ತೀರ್ಮಾನ ಗಿರಾಕಿಯದು. ಅಂಗಡಿಯವ ಆ ಪಾಲುಗಳ ಪರದೆಯನ್ನು ಗಿರಾಕಿಗೆ ತೋರಿಸಿ, ಅವನ ಬಾಯಿಂದ ಹೂಂ ಅನ್ನಿಸಿಕೊಂಡು, ಆಮೇಲೆ ಡಿಲೀಟ್ ಒತ್ತಬೇಕು. ಗಿರಾಕಿಗೆ ಆ ಪರದೆ ಓದಲು ಬರಬೇಕು. ಅದೇನೂ ಎಂಜಿನಿಯರ್ ಓದಿದವರ ವಿದ್ಯೆಯಲ್ಲ.

ಪಾರ್ಟಿಷನ್ ಅನ್ನುವ ಶಬ್ದವೇ ನಮಗೆ ಹೊಸದಲ್ಲ. ಅಣ್ಣತಮ್ಮಂದಿರ ಹೊಲ ಪಾಲಾದಾಗ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಬರೆಸುವುದೂ ಪಾರ್ಟಿಷನ್ ಡೀಡೇ. ಡಿಸ್ಕ್ ಅಂದರೆ ಒಂದು ಸರ್ವೆ ನಂಬರಿನ ಹೊಲ ಎಂದುಕೊಳ್ಳಿ. ಸಿ, ಡಿ, ಇ ಅನ್ನುವವು ಅದರ ಹಿಸ್ಸೆಗಳು. ಹೊಲದ ನಡುವೆ ಗೋಡೆ ಇರುವುದಿಲ್ಲ, ಯಾವ ಗುಂಟೆಯಿಂದ ಯಾವ ಗುಂಟೆವರೆಗೆ ಯಾರದು ಎಂದು ಪಹಣಿಯಲ್ಲಿ ಬರೆದಿರುತ್ತದೆ. ಡಿಸ್ಕಿನಲ್ಲೂ ಹಾಗೇ. ಯಾವ ಹಿಸ್ಸೆ ಎಲ್ಲಿ ಶುರು, ಎಷ್ಟು ಉದ್ದ ಎಂದು ಡಿಸ್ಕಿನ ಮೊದಲ ಜಾಗದಲ್ಲಿ ಒಂದು ಸಣ್ಣ ಪಟ್ಟಿ ಇರುತ್ತದೆ.

ಎಷ್ಟು ಸಣ್ಣದು ಎಂದು ಕೇಳಿದರೆ ಆಶ್ಚರ್ಯವಾಗುತ್ತದೆ. 1983ರಲ್ಲಿ ಐಬಿಎಂನ ಪಿಸಿ ಎಕ್ಸ್‌ಟಿ ಕಂಪ್ಯೂಟರ್ 10 ಎಂಬಿ ಹಾರ್ಡ್ ಡಿಸ್ಕಿನೊಂದಿಗೆ ಬಂದಾಗ ಈ ಪಟ್ಟಿ ಹುಟ್ಟಿತು. ಇದಕ್ಕೆ ಎಂಬಿಆರ್ ಎಂದು ಹೆಸರು. ಮೊದಲ 512 ಬೈಟ್ ಜಾಗದಲ್ಲಿ ಪಾಲುಪಟ್ಟಿಗೆ ಸಿಕ್ಕಿದ್ದು ಬರೀ 64 ಬೈಟ್. ಒಂದು ಹಿಸ್ಸೆಗೆ 16 ಬೈಟಿನಂತೆ ನಾಲ್ಕೇ ಹಿಸ್ಸೆ ಬರೆಯಬಹುದು. ಆಗ ಎ ಮತ್ತು ಬಿ ಅಕ್ಷರಗಳು ಫ್ಲಾಪಿಗೆ ಹೋಗಿದ್ದರಿಂದ ಹಾರ್ಡ್ ಡಿಸ್ಕಿಗೆ ಸಿ ಉಳಿಯಿತು. ಫ್ಲಾಪಿ ನೋಡದ ಮಕ್ಕಳೂ ಇವತ್ತಿಗೂ ಸಿ ಇಂದಲೇ ಎಣಿಸುತ್ತಾರೆ.

ನಾಲ್ಕೇ ಹಿಸ್ಸೆ ಸಾಲದೆ ಹೋದಾಗ ಒಂದು ಉಪಾಯ ಮಾಡಿದರು. ನಾಲ್ಕರಲ್ಲಿ ಒಂದನ್ನು ‘ಎಕ್ಸ್‌ಟೆಂಡೆಡ್’ ಎಂದು ಕರೆದು, ಅದರ ಹೊಟ್ಟೆಯೊಳಗೆ ‘ಲಾಜಿಕಲ್’ ಎಂಬ ಒಳಹಿಸ್ಸೆಗಳನ್ನು ಮಾಡಿದರು. ನಮ್ಮ ಕಡೆ ಹತ್ತು-ಹನ್ನೆರಡು ವರ್ಷದ ಹಳೆಯ ಲ್ಯಾಪ್‌ಟಾಪ್, ಡೆಸ್ಕ್‌ಟಾಪ್‌ಗಳಲ್ಲಿ ಡಿ, ಇ, ಎಫ್ ಎಂದು ಕಾಣುವವು ಎಷ್ಟೋ ಸಲ ಇಂಥ ಒಳಹಿಸ್ಸೆಗಳೇ. ಇದು ನೆನಪಿರಲಿ, ಔರಾದ್‌ನ ಪ್ರಸಂಗದಲ್ಲಿ ಇದೇ ತೊಡಕಾಯಿತು.

ಹೊಸ ಕಂಪ್ಯೂಟರುಗಳಲ್ಲಿ ಬೇರೆ ಪಟ್ಟಿ ಇದೆ, ಜಿಪಿಟಿ ಎನ್ನುತ್ತಾರೆ. ವಿಂಡೋಸ್‌ನಲ್ಲಿ ಅದರೊಳಗೆ 128 ಹಿಸ್ಸೆಗಳವರೆಗೆ ಬರೆಯಬಹುದು. ಎಂಬಿಆರ್ ಸಾಮಾನ್ಯವಾಗಿ 2 ಟಿಬಿಗಿಂತ ದೊಡ್ಡ ಡಿಸ್ಕನ್ನು ಪೂರ್ತಿ ಅಳೆಯಲಾರದು, ಜಿಪಿಟಿಗೆ ಆ ತೊಂದರೆ ಇಲ್ಲ. ಪಟ್ಟಿಯ ಒಂದು ನಕಲು ಡಿಸ್ಕಿನ ಕೊನೆಯಲ್ಲೂ ಇರುತ್ತದೆ. ತಹಸೀಲ್ ಕಚೇರಿಯಲ್ಲಿ ಒಂದು ಪ್ರತಿ, ಬೇರೆ ಕಡೆ ಇನ್ನೊಂದು ಪ್ರತಿ ಇಟ್ಟ ಹಾಗೆ.

ಔರಾದ್ ತಾಲ್ಲೂಕಿನ ಒಬ್ಬ ಮದುವೆ ಫೋಟೋಗ್ರಾಫರ್ ಹತ್ತಿರ ಹಳೆಯ ಡೆಸ್ಕ್‌ಟಾಪ್ ಇತ್ತು. 1 ಟಿಬಿ ಡಿಸ್ಕು, ಸಿ, ಡಿ, ಇ ಎಂದು ಮೂರು ಪಾಲು. ಸಿಯಲ್ಲಿ ವಿಂಡೋಸ್, ಉಳಿದೆರಡರಲ್ಲಿ ವರ್ಷಗಟ್ಟಲೆ ತೆಗೆದ ಮದುವೆ, ತೊಟ್ಟಿಲು, ಕುಪ್ಪಸದ ಫೋಟೋ. ತೀರಿಹೋದ ಹಿರಿಯರ ಒಂದೇ ಒಂದು ಒಳ್ಳೆಯ ಫೋಟೋ ಇವನ ಹತ್ತಿರ ಮಾತ್ರ ಇದೆ ಅನ್ನುವ ಮನೆಗಳು ಆ ಸುತ್ತಿನ ಹಳ್ಳಿಗಳಲ್ಲಿವೆ. ಫೋಟೋಗೆ ಫ್ರೇಮು ಹಾಕಿಸಬೇಕಾದಾಗ ಅವನನ್ನೇ ಹುಡುಕಿಕೊಂಡು ಬರುತ್ತಿದ್ದರು.

ಹನ್ನೊಂದು ಹಾಕಿಸಲು ಒಂದು ಅಂಗಡಿಗೆ ಕೊಟ್ಟ. ಸಿ ಮಾತ್ರ ಫಾರ್ಮ್ಯಾಟ್ ಮಾಡಿ ಎಂದೂ ಹೇಳಿದ್ದ. ಅಂಗಡಿಯ ಹುಡುಗ ಪ್ರಾಮಾಣಿಕವಾಗಿಯೇ ಶುರು ಮಾಡಿದ. ಆದರೆ ಸಿ ಆಯ್ದುಕೊಂಡ ಕೂಡಲೇ ಸೆಟಪ್ ಹಟ ಹಿಡಿಯಿತು: ಈ ಡಿಸ್ಕಿನಲ್ಲಿ ಎಂಬಿಆರ್ ಪಟ್ಟಿ ಇದೆ, ಇಲ್ಲಿ ವಿಂಡೋಸ್ ಹಾಕಲಾಗದು, ಜಿಪಿಟಿ ಬೇಕು. ವಿಂಡೋಸ್ 11 ಅಧಿಕೃತವಾಗಿ ಯುಇಎಫ್ಐ ಎಂಬ ಹೊಸ ಬಗೆಯ ಬೂಟ್ ಕೇಳುತ್ತದೆ, ಆ ಬಗೆಯಲ್ಲಿ ವಿಂಡೋಸ್ ಹಾಕಲು ಡಿಸ್ಕಿನಲ್ಲಿ ಜಿಪಿಟಿ ಪಟ್ಟಿ ಇರಬೇಕು.

ಆ ಹುಡುಗನಿಗೆ ಗೊತ್ತಿದ್ದ ದಾರಿ ಒಂದೇ. ಸೆಟಪ್ ಪರದೆಯಲ್ಲಿ ಎಲ್ಲ ಪಾರ್ಟಿಷನ್ ಒಂದೊಂದಾಗಿ ಡಿಲೀಟ್ ಮಾಡಿ, ಇಡೀ ಡಿಸ್ಕನ್ನು ಖಾಲಿ ಮಾಡಿ, ನೆಕ್ಸ್ಟ್ ಒತ್ತುವುದು. ಯೂಟ್ಯೂಬ್‌ನ ಎಷ್ಟೋ ವಿಡಿಯೋಗಳಲ್ಲೂ ಇದನ್ನೇ ಹೇಳಿಕೊಡುತ್ತಾರೆ. ಕೆಲಸವಾಯಿತು. ಡಿ, ಇ ಹೋದವು.

ಡಿಸ್ಕಿನ ಮಾಹಿತಿ ಉಳಿಸಿಕೊಂಡೇ ಎಂಬಿಆರ್ ಪಟ್ಟಿಯನ್ನು ಜಿಪಿಟಿ ಮಾಡುವ ‘ಎಂಬಿಆರ್‌2ಜಿಪಿಟಿ’ ಎಂಬ ಸಾಧನವನ್ನು ಮೈಕ್ರೋಸಾಫ್ಟ್ 2017ರಿಂದ ವಿಂಡೋಸ್ ಜೊತೆಗೇ ಕೊಡುತ್ತಿದೆ. ಆದರೆ ಅದಕ್ಕೂ ಷರತ್ತಿದೆ. ಡಿಸ್ಕಿನಲ್ಲಿ ಮೂರಕ್ಕಿಂತ ಹೆಚ್ಚು ಪ್ರೈಮರಿ ಹಿಸ್ಸೆ ಇರಬಾರದು, ಮೇಲೆ ಹೇಳಿದ ಎಕ್ಸ್‌ಟೆಂಡೆಡ್ ಒಳಹಿಸ್ಸೆಗಳು ಇರಲೇಬಾರದು. ಫೋಟೋಗ್ರಾಫರನ ಡಿ, ಇ ಎರಡೂ ಒಳಹಿಸ್ಸೆಗಳಾಗಿದ್ದವು. ಅಂದರೆ ಆ ಸಾಧನವೂ ಕೆಲಸಕ್ಕೆ ಬರುತ್ತಿರಲಿಲ್ಲ. ಸರಿಯಾದ ದಾರಿ ಉಳಿದದ್ದು ಒಂದೇ: ಮೊದಲು ಡಿ ಮತ್ತು ಇ ಎರಡನ್ನೂ ಬೇರೊಂದು ಡಿಸ್ಕಿಗೆ ನಕಲು ಮಾಡಿಕೊಂಡು, ಆಮೇಲೆ ಖಾಲಿ ಮಾಡುವುದು. ‘ಅಣ್ಣಾ, ಸಿ ಒಂದೇ ಹೊಡೆಯಲಾಕ ಬರಲ್ಲ, ನಕಲು ಮಾಡ್ಕೊಬೇಕು, ಡಿಸ್ಕ್ ತಗೊಂಡು ಬರ್ರಿ’ ಎಂದು ಒಂದು ಫೋನು ಮಾಡಿದ್ದರೆ ಮುಗಿಯುತ್ತಿತ್ತು. ಆ ಫೋನು ಬರಲಿಲ್ಲ, ಇದಕ್ಕೇ ನಮ್ಮ ತಕರಾರು.

ಪಾರ್ಟಿಷನ್ ಡಿಲೀಟ್ ಮಾಡಿದ ಆ ಗಳಿಗೆಗೆ ಫೋಟೋಗಳು ನಾಶವಾಗುವುದಿಲ್ಲ. ಪಹಣಿಯಲ್ಲಿ ಹೆಸರು ಹೊಡೆದು ಹಾಕಿದರೆ ಹೊಲದಲ್ಲಿ ನಿಂತ ತೊಗರಿ ಒಣಗುವುದಿಲ್ಲವಲ್ಲ, ಹಾಗೆ. ಹೊಸ ಮಾಲೀಕ ಬಂದು ನೇಗಿಲು ಹೂಡಿದಾಗ ಬೆಳೆ ಹೋಗುತ್ತದೆ. ಡಿಸ್ಕಿನ ಮೇಲೆ ಹೊಸದಾಗಿ ಏನೂ ಬರೆಯದೆ ಕೂಡಲೇ ಕಂಪ್ಯೂಟರ್ ಆಫ್ ಮಾಡಿ, ಡಿಸ್ಕ್ ಹೊರತೆಗೆದು ಬೇರೆ ಕಂಪ್ಯೂಟರಿಗೆ ಜೋಡಿಸಿದರೆ, ಟೆಸ್ಟ್‌ಡಿಸ್ಕ್, ಫೋಟೋರೆಕ್ ಎಂಬ ಉಚಿತ ತಂತ್ರಾಂಶಗಳಿಂದ ಹಳೆಯ ಹಿಸ್ಸೆಯನ್ನೋ ಬಿಡಿ ಫೋಟೋಗಳನ್ನೋ ಹುಡುಕಬಹುದು. ಆದರೆ ಅದು ತಿರುಗುವ ಹಾರ್ಡ್ ಡಿಸ್ಕಿನ ಮಾತು. ಎಸ್‌ಎಸ್‌ಡಿಯಲ್ಲಿ ‘ಟ್ರಿಮ್’ ಎಂಬ ವ್ಯವಸ್ಥೆ ಇರುತ್ತದೆ. ಖಾಲಿ ಎಂದು ಗುರುತಾದ ಜಾಗವನ್ನು ಅದು ತಾನೇ ಗುಡಿಸಿ ಹಾಕುತ್ತದೆ. ಎಸ್‌ಎಸ್‌ಡಿಯಿಂದ ಹೋದದ್ದು ಹೋದಂತೆಯೇ ಎಂದುಕೊಳ್ಳುವುದು ಒಳ್ಳೆಯದು.

ನಮ್ಮ ಫೋಟೋಗ್ರಾಫರನಿಗೆ ಅರ್ಧಮರ್ಧ ಫೋಟೋ ಸಿಕ್ಕವು. ಫೋಲ್ಡರಿನ ಹೆಸರು, ತಾರೀಖು ಎಲ್ಲ ಹೋಗಿ, ಯಾವ ಮದುವೆ ಯಾರದು ಎಂಬುದು ಗೊತ್ತಾಗದ ಒಂದು ದೊಡ್ಡ ರಾಶಿ. ಅದನ್ನು ಆರಿಸುತ್ತ ಕೂತಿದ್ದಾನೆ.

ಸೆಟಪ್ ಪರದೆಯಲ್ಲಿ ಇನ್ನೊಂದು ಮೋಸವಿದೆ. ನಾವು ಸಿ, ಡಿ ಎಂದು ಮಾತಾಡುತ್ತೇವೆ, ಆದರೆ ಅಲ್ಲಿ ಸಿ, ಡಿ ಅಕ್ಷರಗಳೇ ಕಾಣುವುದಿಲ್ಲ. ‘ಡಿಸ್ಕ್ 0 ಪಾರ್ಟಿಷನ್ 1’, ‘ಪಾರ್ಟಿಷನ್ 2’ ಎಂದು ಬರೀ ನಂಬರು ಮತ್ತು ಗಾತ್ರ. ಹೊಸ ಯಂತ್ರವಾದರೆ 100 ಎಂಬಿ ಆಸುಪಾಸಿನ ಒಂದು ಇಎಫ್ಐ ಹಿಸ್ಸೆ, 16 ಎಂಬಿಯ ಇನ್ನೊಂದು ಮೀಸಲು ಹಿಸ್ಸೆ, ಒಂದು ರಿಕವರಿ ಹಿಸ್ಸೆ, ಇವೂ ಸಾಲಿನಲ್ಲಿ ನಿಂತಿರುತ್ತವೆ. ನಮ್ಮ ‘ಡಿ’ ಅಲ್ಲಿ ಪಾರ್ಟಿಷನ್ 4 ಆಗಿರಬಹುದು, 5 ಆಗಿರಬಹುದು. ಎರಡೂ ಪಾಲು ಹೆಚ್ಚುಕಡಿಮೆ ಒಂದೇ ಗಾತ್ರದವಾಗಿದ್ದರೆ ಅನುಭವಸ್ಥರ ಕೈಯೂ ತಪ್ಪುತ್ತದೆ.

ಇದಕ್ಕೆ ಪುಕ್ಕಟೆ ಉಪಾಯ ಒಂದಿದೆ. ಅಂಗಡಿಗೆ ಒಯ್ಯುವ ಮುಂಚೆ ‘ದಿಸ್ ಪಿಸಿ’ ತೆರೆದು, ಡಿ ಡ್ರೈವ್ ಮೇಲೆ ಬಲ ಕ್ಲಿಕ್ ಮಾಡಿ, ರಿನೇಮ್ ಒತ್ತಿ ಒಂದು ಹೆಸರು ಕೊಡಿ. ‘ಮುಟ್ಟಬೇಡಿ’ ಎಂದೇ ಇಂಗ್ಲಿಷ್ ಅಕ್ಷರದಲ್ಲಿ ಬರೆದರೂ ನಡೆಯುತ್ತದೆ. ಆ ಹೆಸರು ಸೆಟಪ್ ಪರದೆಯಲ್ಲಿ ಪಾರ್ಟಿಷನ್ ನಂಬರಿನ ಪಕ್ಕದಲ್ಲಿ ಕಾಣುತ್ತದೆ. ಹೊಲದ ಬಾಂದು ಕಲ್ಲಿಗೆ ಸುಣ್ಣ ಬಳಿದ ಹಾಗೆ. ಜೊತೆಗೆ ಒಂದೊಂದು ಡ್ರೈವಿನ ಒಟ್ಟು ಗಾತ್ರ ಎಷ್ಟು, ಖಾಲಿ ಎಷ್ಟು ಎಂಬುದನ್ನು ಮೊಬೈಲಿನಲ್ಲಿ ಫೋಟೋ ತೆಗೆದಿಟ್ಟುಕೊಳ್ಳಿ. ಅಂಗಡಿಯಲ್ಲಿ ಆ ಫೋಟೋ ಮುಂದೆ ಹಿಡಿದು ತಾಳೆ ನೋಡಬಹುದು.

ಹಳೆಯ ಲ್ಯಾಪ್‌ಟಾಪಿಗೆ ಎಸ್‌ಎಸ್‌ಡಿ ಹೊಸದಾಗಿ ಹಾಕಿಸುವವರು ಈಗ ಬಹಳ. ಹಳೆಯ ಹಾರ್ಡ್ ಡಿಸ್ಕನ್ನೂ ಒಳಗೇ ಬಿಟ್ಟಿದ್ದರೆ, ವಿಂಡೋಸ್ ಹಾಕಿ ಮುಗಿಯುವವರೆಗೆ ಅದರ ಕೇಬಲ್ ಕಳಚಿಡಲು ಹೇಳಿ. ಕಾಣದ ಡಿಸ್ಕನ್ನು ಯಾರೂ ಅಳಿಸಲಾರರು.

ಗಾತ್ರದ ವಿಷಯದಲ್ಲೂ ನಮ್ಮ ಕಡೆ ಒಂದು ಗೊಂದಲ. 256 ಜಿಬಿ ಎಂದು ಕೊಂಡ ಎಸ್‌ಎಸ್‌ಡಿ ವಿಂಡೋಸ್‌ನಲ್ಲಿ 238 ಎಂದು ಕಾಣುತ್ತದೆ, 500 ಕೊಂಡರೆ 465, 1 ಟಿಬಿ ಕೊಂಡರೆ 931. ಅಂಗಡಿಯವ ಕಡಿಮೆ ಕೊಟ್ಟ ಎಂದು ಜಗಳವಾಡಬೇಡಿ. ಕಂಪನಿ 1000ದ ಲೆಕ್ಕದಲ್ಲಿ ಎಣಿಸುತ್ತದೆ, ವಿಂಡೋಸ್ 1024ರ ಲೆಕ್ಕದಲ್ಲಿ.

ಭಾಲ್ಕಿಯ ಒಂದು ಡಿಟಿಪಿ ಅಂಗಡಿಯಲ್ಲಿ ಪಾಲು ಮಾಡಿದ್ದರೂ ಕೆಟ್ಟಿತು. ಅಲ್ಲಿ ಹಳೆಯ ಪದ್ಧತಿಯಂತೆ ಸಿಗೆ 50 ಜಿಬಿ ಮಾತ್ರ ಕೊಟ್ಟು, ಉಳಿದದ್ದೆಲ್ಲ ಡಿಗೆ ಬಿಟ್ಟಿದ್ದರು. ವಿಂಡೋಸ್ 7ರ ಕಾಲದಲ್ಲಿ ಅದು ನಡೆಯುತ್ತಿತ್ತು. ವಿಂಡೋಸ್ 11 ಕನಿಷ್ಠ 64 ಜಿಬಿ ಡಿಸ್ಕು ಕೇಳುತ್ತದೆ, ಅಪ್‌ಡೇಟ್ ಬಂದಾಗಲೆಲ್ಲ ಇನ್ನಷ್ಟು ಜಾಗ ಬೇಕು. ಸಿ ತುಂಬಿ ಕೆಂಪು ಗೆರೆ ಬರುತ್ತಿತ್ತು, ಕಂಪ್ಯೂಟರ್ ಎತ್ತಿನ ಗಾಡಿಯ ಹಾಗೆ ನಡೆಯುತ್ತಿತ್ತು, ಮತ್ತೆ ಫಾರ್ಮ್ಯಾಟು. ನಮ್ಮ ಅಭಿಪ್ರಾಯದಲ್ಲಿ ಸಿಗೆ 120 ಜಿಬಿಗಿಂತ ಕಡಿಮೆ ಬೇಡ. 256ರ ಎಸ್‌ಎಸ್‌ಡಿ ಇದ್ದರೆ ಸರಿಸುಮಾರು ಅರ್ಧಕ್ಕರ್ಧ ಮಾಡಿ. 512 ಇದ್ದರೆ ಸಿಗೆ 150ರಿಂದ 200 ಕೊಟ್ಟು ಉಳಿದದ್ದು ಡಿಗೆ ಬಿಡಿ. 128ರ ಎಸ್‌ಎಸ್‌ಡಿ ಒಂದೇ ಇದ್ದರೆ ಪಾಲು ಮಾಡಲೇಬೇಡಿ. ಒಂದೆಕರೆಯನ್ನು ಮೂವರಿಗೆ ಹಂಚಿದರೆ ಯಾರ ಪಾಲಿಗೂ ನೇಗಿಲು ತಿರುಗುವುದಿಲ್ಲ. ಅಂಥವರು ಹೊರಗಿನ ಒಂದು ಡಿಸ್ಕು ಕೊಳ್ಳುವುದೇ ಸರಿ.

ಆ ಅಂಗಡಿಯ ಎರಡನೆಯ ತೊಡಕು ಹೆಚ್ಚಿನದು. ಡಿ ಡ್ರೈವ್ ಇದ್ದರೂ ಕೆಲಸವೆಲ್ಲ ಡೆಸ್ಕ್‌ಟಾಪ್ ಮೇಲೆ. ಲಗ್ನಪತ್ರಿಕೆ, ಗ್ರಾಮ ಪಂಚಾಯಿತಿಗೆ ಕೊಡುವ ಅರ್ಜಿ, ಸಂಘದ ನಡಾವಳಿ, ಎಲ್ಲವೂ ಪರದೆಯ ಮೇಲೆ ಹರಡಿಕೊಂಡಿರುತ್ತಿದ್ದವು. ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಡೌನ್‌ಲೋಡ್ಸ್ ಈ ಮೂರೂ ಸಿಯೊಳಗೇ ಇರುತ್ತವೆ ಎಂಬುದು ಅಲ್ಲಿ ಟೈಪ್ ಮಾಡುವ ಹೆಣ್ಣುಮಗಳಿಗೆ ಯಾರೂ ಹೇಳಿರಲಿಲ್ಲ. ಟ್ಯಾಲಿಯ ಲೆಕ್ಕ ಕೂಡ ನಾವು ಬದಲಿಸದಿದ್ದರೆ ಸಾಮಾನ್ಯವಾಗಿ ಸಿಯಲ್ಲೇ ಕೂರುತ್ತದೆ. ಕಿರಾಣಿ, ದಾಲ್ ಮಿಲ್, ಅಡತಿ ಅಂಗಡಿಯವರು ಇದನ್ನು ಇವತ್ತೇ ನೋಡಿಕೊಳ್ಳಬೇಕು.

ಡೆಸ್ಕ್‌ಟಾಪ್ ಫೋಲ್ಡರನ್ನು ಡಿಗೆ ಸ್ಥಳಾಂತರಿಸುವುದು ಎರಡು ನಿಮಿಷದ ಕೆಲಸ. ಮೊದಲು ಡಿಯಲ್ಲಿ ಡೆಸ್ಕ್‌ಟಾಪ್ ಎಂಬ ಹೆಸರಿನ ಹೊಸ ಫೋಲ್ಡರ್ ಮಾಡಿ. ಆಮೇಲೆ ಫೈಲ್ ಎಕ್ಸ್‌ಪ್ಲೋರರ್‌ನಲ್ಲಿ ಹಳೆಯ ಡೆಸ್ಕ್‌ಟಾಪ್ ಮೇಲೆ ಬಲ ಕ್ಲಿಕ್, ಪ್ರಾಪರ್ಟೀಸ್, ಲೊಕೇಶನ್, ಮೂವ್, ಆ ಹೊಸ ಫೋಲ್ಡರ್ ತೋರಿಸುವುದು. ಖಾಲಿ ಡಿಯನ್ನೇ ನೇರವಾಗಿ ತೋರಿಸಬೇಡಿ, ಇಡೀ ಡ್ರೈವೇ ಡೆಸ್ಕ್‌ಟಾಪ್ ಆಗಿ ಗೋಜಲಾಗುತ್ತದೆ.

ಫಾರ್ಮ್ಯಾಟ್ ಆದ ಮೇಲೆ ಆ ಡಿಟಿಪಿ ಅಂಗಡಿಯಲ್ಲಿ ಇನ್ನೊಂದು ಗಾಬರಿ. ಪೆನ್ ಡ್ರೈವ್‌ನಲ್ಲಿ ಉಳಿದಿದ್ದ ಹಳೆಯ ಕನ್ನಡ ಫೈಲು ತೆರೆದರೆ ತಲೆಬುಡವಿಲ್ಲದ ಇಂಗ್ಲಿಷ್ ಗುರುತುಗಳು. ವೈರಸ್ ಬಂದಿದೆ ಎಂದು ಅಳಿಸಲು ಹೊರಟಿದ್ದರು. ವೈರಸ್ ಏನೂ ಅಲ್ಲ. ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ ಫೈಲಿಗೆ ಆ ಫಾಂಟು ಬೇಕೇ ಬೇಕು. ಫಾಂಟು ಸಿ ಡ್ರೈವಿನ ವಿಂಡೋಸ್ ಫೋಲ್ಡರಿನಲ್ಲಿ ಇರುತ್ತದೆ, ಸಿ ಹೋದರೆ ಅದೂ ಹೋಗುತ್ತದೆ. ನುಡಿ ಮತ್ತೆ ಹಾಕಿದ ಮೇಲೆ ಅಕ್ಷರ ಬಂದವು. ನಮ್ಮ ಜಿಲ್ಲೆಯಲ್ಲಿ ಇದು ಕನ್ನಡಕ್ಕಷ್ಟೇ ಸೀಮಿತವಲ್ಲ. ಒಂದೇ ಡಿಟಿಪಿ ಅಂಗಡಿಯಲ್ಲಿ ಕನ್ನಡಕ್ಕೆ ನುಡಿ, ಮರಾಠಿಗೆ ಶ್ರೀಲಿಪಿ, ಉರ್ದುವಿಗೆ ಇನ್‌ಪೇಜ್ ಇರುವುದು ಬೀದರಿನಲ್ಲಿ ಮಾಮೂಲು. ಈ ಮೂರರ ಇನ್‌ಸ್ಟಾಲ್ ಫೈಲು ಮತ್ತು ಲೈಸೆನ್ಸ್ ವಿವರವನ್ನು ಡಿಯಲ್ಲಿ ಒಂದು ಫೋಲ್ಡರ್ ಮಾಡಿ ಇಟ್ಟುಕೊಳ್ಳಿ. ಹೊಸ ಫೈಲುಗಳನ್ನು ಯೂನಿಕೋಡ್‌ನಲ್ಲೇ ಟೈಪ್ ಮಾಡಿದರೆ ಈ ತಾಪತ್ರಯ ಇರುವುದಿಲ್ಲ, ಆದರೆ ಲಗ್ನಪತ್ರಿಕೆಯ ಅಂದದ ಅಕ್ಷರ ಬಿಟ್ಟುಕೊಡಲು ಡಿಟಿಪಿಯವರು ಒಪ್ಪುವುದಿಲ್ಲ. ಅದು ಬೇರೆಯೇ ಜಗಳ.

ಬೀದರ್ ನಗರದ ಕಾಲೇಜು ಹುಡುಗರ ಕಥೆ ಬೇರೆ. ಅವರು ಅಂಗಡಿಗೆ ಹೋಗುವುದಿಲ್ಲ, ತಾವೇ ಪೆನ್ ಡ್ರೈವ್ ಮಾಡಿಕೊಂಡು ಉಬುಂಟು ಹಾಕುತ್ತಾರೆ. ಇದು ನಮಗೆ ಸಂತೋಷವೇ. ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ಚಿಪ್ ಬೇಕು, ಬಹಳ ಹಳೆಯ ಲ್ಯಾಪ್‌ಟಾಪ್‌ಗಳಲ್ಲಿ ಅದಿಲ್ಲ. ಆ ಷರತ್ತನ್ನು ಕಳ್ಳದಾರಿಯಲ್ಲಿ ದಾಟಿಸಿ ಹನ್ನೊಂದು ತುರುಕುವುದಕ್ಕಿಂತ ಲಿನಕ್ಸ್ ಹಾಕಿಕೊಳ್ಳುವುದು ನಮ್ಮ ಮಟ್ಟಿಗೆ ವಾಸಿ. ಕೇರಳದ ಸರ್ಕಾರಿ ಶಾಲೆಗಳು ಕೈಟ್ ಸಂಸ್ಥೆ ಸಿದ್ಧಪಡಿಸಿದ, ಉಬುಂಟು ಆಧಾರಿತ ವ್ಯವಸ್ಥೆಯನ್ನೇ ಬಳಸುತ್ತವೆ, ಅಲ್ಲಿಯ ಮಕ್ಕಳು ಏನೂ ಹಿಂದೆ ಬಿದ್ದಿಲ್ಲ.

ಆದರೆ ಉಬುಂಟು ಹಾಕುವಾಗ ಬರುವ ಆಯ್ಕೆಗಳಲ್ಲಿ ‘ಇರೇಸ್ ಡಿಸ್ಕ್’ ಅನ್ನುವುದು ಒಂದು. ಅದು ಸಿ ಅಳಿಸುವುದಲ್ಲ, ಇಡೀ ಸರ್ವೆ ನಂಬರನ್ನೇ ಅಳಿಸುವುದು. ವಿಂಡೋಸ್ ಜೊತೆಗೇ ಇರಬೇಕಾದರೆ ‘ಅಲಾಂಗ್‌ಸೈಡ್’ ಎಂದು ಬರುವ ಆಯ್ಕೆ ಬೇಕು. ಇನ್ನೂ ಸುರಕ್ಷಿತವಾದ ಕ್ರಮವೆಂದರೆ, ವಿಂಡೋಸ್‌ನ ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲಿ ‘ಶ್ರಿಂಕ್ ವಾಲ್ಯೂಮ್’ ಮಾಡಿ ಮೊದಲೇ 50-60 ಜಿಬಿ ಖಾಲಿ ಜಾಗ ಬಿಡಿಸಿಟ್ಟು, ಲಿನಕ್ಸನ್ನು ಆ ಖಾಲಿ ಜಾಗದಲ್ಲೇ ಕೂರಿಸುವುದು. ಲಿನಕ್ಸ್‌ನಲ್ಲಿ ಸಿ, ಡಿ ಇಲ್ಲ. ವ್ಯವಸ್ಥೆಗೆ ‘ರೂಟ್’, ನಮ್ಮ ಫೈಲುಗಳಿಗೆ ‘ಹೋಮ್’. ಎರಡನ್ನೂ ಬೇರೆ ಪಾರ್ಟಿಷನ್ ಮಾಡಿದರೆ, ಮುಂದೆ ಲಿನಕ್ಸ್ ಬದಲಿಸುವಾಗ ಹೋಮ್ ಅನ್ನು ಫಾರ್ಮ್ಯಾಟ್ ಮಾಡದೆ ಉಳಿಸಿಕೊಳ್ಳಬಹುದು. ಎರಡೂ ಕಡೆಯಿಂದ ತೆರೆಯಬೇಕಾದ ಫೈಲುಗಳನ್ನು ಎನ್‌ಟಿಎಫ್‌ಎಸ್ ಪಾಲಿನಲ್ಲಿಡಿ. ಲಿನಕ್ಸ್‌ಗೆ ಅದು ಓದಲು ಬರುತ್ತದೆ, ಲಿನಕ್ಸ್‌ನ ಇಎಕ್ಸ್‌ಟಿ4 ಪಾಲು ಮಾತ್ರ ವಿಂಡೋಸ್‌ಗೆ ತಾನಾಗಿ ಓದಲು ಬರುವುದಿಲ್ಲ. ಅಂಥ ಪಾಲನ್ನು ಕಂಡಾಗ ವಿಂಡೋಸ್ ‘ಫಾರ್ಮ್ಯಾಟ್ ಮಾಡಲೇ?’ ಎಂದು ಕೇಳುವುದುಂಟು. ಆಗ ಕ್ಯಾನ್ಸಲ್ ಒತ್ತಿ.

ಸುಮ್ಮನೆ ಕೈಪಳಗಿಸಿಕೊಳ್ಳಬೇಕು ಅನ್ನುವವರಿಗೆ ವರ್ಚುವಲ್‌ಬಾಕ್ಸ್ ಇದೆ. ಕಂಪ್ಯೂಟರಿನೊಳಗೇ ಒಂದು ಸುಳ್ಳು ಕಂಪ್ಯೂಟರ್, ಅದರಲ್ಲಿ ಸುಳ್ಳು ಡಿಸ್ಕು. ಹತ್ತು ಸಲ ಅಳಿಸಿ ಹತ್ತು ಸಲ ಪಾಲು ಮಾಡಿದರೂ ಯಾರ ಫೋಟೋವೂ ಹೋಗುವುದಿಲ್ಲ. ಐಟಿಐ ಕೋಪಾ ಹುಡುಗರಿಗೆ, ಬಿಸಿಎ, ಡಿಪ್ಲೊಮಾ ಮಕ್ಕಳಿಗೆ ಇದನ್ನು ಕೈಯಾರೆ ಮಾಡಿಸಬೇಕು. ಎಂಬಿಆರ್ ಅಂದರೇನು ಎಂದು ಎರಡು ಅಂಕದ ಪ್ರಶ್ನೆಗೆ ಉತ್ತರ ಬರೆದವನೇ ನಾಳೆ ಅಂಗಡಿಯಲ್ಲಿ ಕೂತು ಎಲ್ಲ ಪಾರ್ಟಿಷನ್ ಡಿಲೀಟ್ ಮಾಡುತ್ತಾನೆ.

ಈಗ ಕೆಲವರು ಕೇಳುವ ಪ್ರಶ್ನೆ: ಪಾಲು ಮಾಡುವುದೇ ಹಳೆಯ ಕಾಲದ ಮಾತಲ್ಲವೇ? ಹೊಸ ಲ್ಯಾಪ್‌ಟಾಪ್ ಕಂಪನಿಯಿಂದಲೇ ಒಂದೇ ಸಿ ಡ್ರೈವ್ ಇಟ್ಟುಕೊಂಡು ಬರುತ್ತದೆ. ಫೈಲೆಲ್ಲ ಗೂಗಲ್ ಡ್ರೈವ್‌ನಲ್ಲೋ ಒನ್‌ಡ್ರೈವ್‌ನಲ್ಲೋ ಇದ್ದರೆ ಸಾಕಲ್ಲ? ಬೆಂಗಳೂರಿನಲ್ಲಿ ಕೂತವರಿಗೆ ಈ ವಾದ ಸರಿ. ಎಸ್‌ಎಸ್‌ಡಿಯಲ್ಲಿ ಪಾಲು ಮಾಡಿದ್ದರಿಂದ ವೇಗ ಹೆಚ್ಚುವುದಿಲ್ಲ ಎಂಬುದೂ ನಿಜ. ಆದರೆ ಪುಕ್ಕಟೆ ಸಿಗುವುದು ಗೂಗಲ್‌ನಲ್ಲಿ 15 ಜಿಬಿ, ಒನ್‌ಡ್ರೈವ್‌ನಲ್ಲಿ 5. ನೂರಾರು ಜಿಬಿ ಮದುವೆ ವಿಡಿಯೋವನ್ನು ಮೊಬೈಲ್ ಹಾಟ್‌ಸ್ಪಾಟಿನಿಂದ ಏರಿಸುವವರು ಯಾರು? ನಮ್ಮಲ್ಲಿ ಯಂತ್ರ ನಿಧಾನವಾದರೆ ಮೊದಲ ಔಷಧಿಯೇ ಫಾರ್ಮ್ಯಾಟು. ಫಾರ್ಮ್ಯಾಟ್ ಇಷ್ಟು ಸಲೀಸಾಗಿ ನಡೆಯುವ ಊರಲ್ಲಿ ಫೈಲಿಗೆ ಬೇರೆ ಹಿಸ್ಸೆ ಇರಲೇಬೇಕು.

ಹಾಗಂತ ಡಿ ಡ್ರೈವ್ ಅಂದರೆ ಬ್ಯಾಕಪ್ ಎಂದು ತಿಳಿಯಬೇಡಿ. ಸಿ, ಡಿ ಎರಡೂ ಒಂದೇ ಡಿಸ್ಕಿನ ಮೇಲಿರುತ್ತವೆ. ಡಿಸ್ಕು ಕೆಟ್ಟರೆ, ಲ್ಯಾಪ್‌ಟಾಪ್ ಕಳುವಾದರೆ, ಕರೆಂಟು ಏರುಪೇರಾಗಿ ಸುಟ್ಟರೆ ಎರಡೂ ಒಟ್ಟಿಗೇ ಹೋಗುತ್ತವೆ. ಬೀದರಿನ ಮಹಮೂದ್ ಗವಾನ್ ಮದ್ರಸಾ 1472ರಲ್ಲಿ ಕಟ್ಟಿದ್ದು, ದೂರದೂರದಿಂದ ಓದಲು ಬರುತ್ತಿದ್ದ ಜಾಗ. ಔರಂಗಜೇಬನ ಕಾಲದಲ್ಲಿ ಅದೇ ಕಟ್ಟಡದೊಳಗೆ ಮದ್ದು ತುಂಬಿಟ್ಟರು, ಅದು ಸಿಡಿದು ಕಟ್ಟಡದ ಒಂದು ಭಾಗವೇ ಹಾರಿಹೋಯಿತು. ಕೋಣೆ ಬೇರೆ ಬೇರೆ ಇದ್ದರೇನು, ಕಟ್ಟಡ ಒಂದೇ ಆಗಿತ್ತಲ್ಲ. ಬೇಕೇಬೇಕಾದ ಫೈಲಿನ ಒಂದು ಪ್ರತಿ ಹೊರಗಿನ ಡಿಸ್ಕಿನಲ್ಲಿರಲಿ, ಆ ಡಿಸ್ಕು ಇನ್ನೊಂದು ಮನೆಯಲ್ಲೋ ಅಂಗಡಿಯಲ್ಲೋ ಇರಲಿ.

ಹೊಸ ಲ್ಯಾಪ್‌ಟಾಪ್ ಇರುವವರಿಗೆ ಒಂದು ಎಚ್ಚರಿಕೆ. ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಮಾಡಿದ ಹೊಸ ವಿಂಡೋಸ್ 11 ಯಂತ್ರಗಳಲ್ಲಿ ಡಿಸ್ಕಿಗೆ ತಾನಾಗಿಯೇ ಬೀಗ ಬೀಳುವುದುಂಟು, ಬಿಟ್‌ಲಾಕರ್ ಎನ್ನುತ್ತಾರೆ. ಮದರ್‌ಬೋರ್ಡ್ ಬದಲಾದರೆ, ಡಿಸ್ಕನ್ನು ಬೇರೆ ಯಂತ್ರಕ್ಕೆ ಹಾಕಿದರೆ, 48 ಅಂಕಿಯ ಕೀಲಿ ಕೇಳುತ್ತದೆ. ಕೀಲಿ ಇಲ್ಲದಿದ್ದರೆ ಅಂಗಡಿಯವನೂ ತೆರೆಯಲಾರ, ಕಂಪನಿಯೂ ತೆರೆಯಲಾರದು. ಆ ಕೀಲಿ ನಿಮ್ಮ ಮೈಕ್ರೋಸಾಫ್ಟ್ ಖಾತೆಯಲ್ಲಿರುತ್ತದೆ. ಅಂಗಡಿಯವ ತನ್ನದೇ ಇಮೇಲ್ ಹಾಕಿ ಸೆಟಪ್ ಮುಗಿಸಿದ್ದರೆ ಕೀಲಿ ಅವನ ಖಾತೆಯಲ್ಲಿ! ಹಾಗಾಗಿ ಖಾತೆ ನಿಮ್ಮದೇ ಇರಲಿ, ಕೀಲಿಯನ್ನು ಕಾಗದದಲ್ಲಿ ಬರೆದು ಪಹಣಿ ಜೊತೆಗೆ ಪೆಟ್ಟಿಗೆಯಲ್ಲಿಡಿ.

ಕಂಪನಿಯಿಂದಲೇ ವಿಂಡೋಸ್ ಹಾಕಿಬಂದ ಲ್ಯಾಪ್‌ಟಾಪ್‌ಗೆ ಅದೇ ಆವೃತ್ತಿಯನ್ನು ಮತ್ತೆ ಹಾಕಿದರೆ ಲೈಸೆನ್ಸ್ ತಾನಾಗಿ ಹೊಂದಿಕೊಳ್ಳುತ್ತದೆ, ಯಾಕೆಂದರೆ ಅದು ಆ ಯಂತ್ರಕ್ಕೇ ಅಂಟಿಕೊಂಡಿರುತ್ತದೆ. ‘ಹೋಮ್’ ಇದ್ದ ಯಂತ್ರಕ್ಕೆ ಕ್ರ್ಯಾಕ್ ಮಾಡಿದ ‘ಪ್ರೊ’ ಹಾಕುವ ಅಂಗಡಿಗಳಿವೆ, ಬೇಡ ಅನ್ನಿ.

ಹಳೆಯ ಡಿಸ್ಕನ್ನು ಎಕ್ಸ್‌ಚೇಂಜಿಗೆ ಕೊಡುವವರೂ ಕೇಳಿ. ಪಾರ್ಟಿಷನ್ ಡಿಲೀಟ್ ಮಾಡಿದರೂ ಒಳಗಿನದ್ದು ಉಳಿದಿರುತ್ತದೆ ಎಂದೆವಲ್ಲ, ಅದು ಇಲ್ಲಿ ತಿರುಗುಬಾಣ. ಆನ್‌ಲೈನ್ ಅರ್ಜಿ ಹಾಕುವ ಸೆಂಟರುಗಳ ಡಿಸ್ಕಿನಲ್ಲಿ ಊರವರೆಲ್ಲರ ಆಧಾರ್, ರೇಷನ್ ಕಾರ್ಡ್, ಬ್ಯಾಂಕ್ ಪಾಸ್‌ಬುಕ್ಕಿನ ಸ್ಕ್ಯಾನ್ ಇರುತ್ತದೆ. ಕ್ವಿಕ್ ಫಾರ್ಮ್ಯಾಟ್ ಮಾಡಿ ಮಾರಿದ ಹಾರ್ಡ್ ಡಿಸ್ಕಿನಿಂದ ಅವನ್ನು ಯಾರು ಬೇಕಾದರೂ ತೆಗೆಯಬಹುದು. ಕ್ವಿಕ್ ಎಂಬ ಗುರುತು ತೆಗೆದು ಪೂರ್ತಿ ಫಾರ್ಮ್ಯಾಟ್ ಮಾಡಿಸಿ, ತಾಸುಗಟ್ಟಲೆ ಹಿಡಿದರೂ ಹಿಡಿಯಲಿ.

ಅಂಗಡಿಯವರ ಜೊತೆ ಮಾತಾಡಿದಾಗ ಅವರು ಹೇಳಿದ್ದೂ ನ್ಯಾಯವೇ. ‘ಗಿರಾಕಿ ಮುನ್ನೂರು ರೂಪಾಯಿಗೂ ಚೌಕಾಸಿ ಮಾಡ್ತಾನ, ಎರಡು ತಾಸು ಕೂತು ನಕಲು ಮಾಡಿದ್ರ ಅದರ ರೊಕ್ಕ ಯಾರು ಕೊಡ್ತಾರ್ರಿ?’ ಕೊಡಬೇಕು. ನಕಲಿನ ಕೆಲಸಕ್ಕೆ ಬೇರೆ ದರ ಇರಲಿ, ಗೋಡೆ ಮೇಲೆ ಬರೆದು ಹಾಕಲಿ. 200 ಜಿಬಿ ಫೈಲನ್ನು ಹಳೆಯ ಯುಎಸ್‌ಬಿ 2 ಪೋರ್ಟಿನಿಂದ ನಕಲು ಮಾಡಲು ಸುಮಾರು ಎರಡು ತಾಸು ಬೇಕು. ಅದೇ ಯುಎಸ್‌ಬಿ 3 ಪೋರ್ಟಿಗೆ, ಬಹಳಷ್ಟು ಯಂತ್ರಗಳಲ್ಲಿ ಒಳಗೆ ನೀಲಿ ಬಣ್ಣ ಇರುತ್ತದಲ್ಲ ಅದಕ್ಕೆ, ಯುಎಸ್‌ಬಿ 3 ಡಿಸ್ಕು ಹಾಕಿದರೆ ಅರ್ಧ ಮುಕ್ಕಾಲು ತಾಸಿನಲ್ಲಿ ಮುಗಿಯುತ್ತದೆ. ನಕಲು ಮುಗಿದ ಮೇಲೆ ಹೊರಗಿನ ಡಿಸ್ಕಿನಿಂದ ನಾಲ್ಕಾರು ಫೈಲು ತೆರೆದು ನೋಡಿ, ಗಾತ್ರ ತಾಳೆ ಮಾಡಿ, ಡಿಸ್ಕು ಕಳಚಿ ಗಿರಾಕಿಯ ಕೈಗೆ ಕೊಟ್ಟು, ಆಮೇಲೆ ಸೆಟಪ್ ಶುರು ಮಾಡಬೇಕು.

ನಮ್ಮ ಬೇಡಿಕೆ ಇನ್ನೊಂದಿದೆ. ಮೊಬೈಲ್ ರಿಪೇರಿಗೆ ಕೊಟ್ಟಾಗ ಚೀಟಿ ಕೊಡುತ್ತಾರೆ, ಕಂಪ್ಯೂಟರಿಗೆ ಅದೂ ಇಲ್ಲ. ಒಂದು ಚೀಟಿ ಸಾಕು: ಡಿಸ್ಕಿನಲ್ಲಿ ಎಷ್ಟು ಪಾಲು, ಒಂದೊಂದರ ಗಾತ್ರ, ಯಾವುದನ್ನು ಅಳಿಸಬೇಕು, ಯಾವುದನ್ನು ಉಳಿಸಬೇಕು, ನಕಲು ಆಗಿದೆಯೋ ಇಲ್ಲವೋ, ಗಿರಾಕಿಯ ಫೋನ್ ನಂಬರ್. ಕೆಳಗೆ ಇಬ್ಬರ ಸಹಿ. ಔರಾದ್‌ನ ಒಂದು ಅಂಗಡಿ ಆ ಫೋಟೋಗ್ರಾಫರನ ಗಲಾಟೆ ಆದ ಮೇಲೆ ಇಂಥ ಚೀಟಿ ಶುರು ಮಾಡಿದೆ, ನೋಟ್‌ಬುಕ್ಕಿನ ಹಾಳೆ ಹರಿದು ಕೈಯಲ್ಲೇ ಗೆರೆ ಎಳೆದದ್ದು. ಅದರ ಫೋಟೋ ಬೇಕಾದ ಅಂಗಡಿಯವರು ಕೇಳಿದರೆ ವಾಟ್ಸಾಪ್‌ನಲ್ಲಿ ಕಳಿಸುತ್ತೇವೆ.